ವಿಕಿರಣ ಕೊಟ್ಟ ಕಾಳುಮೆಣಸು ವಿಷವಲ್ಲ: ಒಂದು ಸ್ಪಷ್ಟನೆ

'ವಿಕಿರಣ ಕೊಟ್ಟ ಕಾಳುಮೆಣಸು ತಾನೇ ವಿಕಿರಣ ಸೂಸುತ್ತದೆ, ಸರ್ಕಾರ ಇದನ್ನು ಮುಚ್ಚಿಟ್ಟಿದೆ' ಎಂಬ ಸಂದೇಶ ತೀರ್ಥಹಳ್ಳಿ, ಸಾಗರದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಹುಳು, ಬೂಸ್ಟು ಕೊಲ್ಲಲೆಂದು ವಿಕಿರಣ ಕೊಡುವಾಗ ಮೆಣಸಿಗೆ ತಾಗುವುದು ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹದಿಂದ ಬರುವ ಗಾಮಾ ಕಿರಣ ಮಾತ್ರ. ಕೋಬಾಲ್ಟ್ ಮುಚ್ಚಿದ ಲೋಹದ ಕೊಳವೆಯೊಳಗೇ ಇರುತ್ತದೆ, ಕಾಳಿಗೆ ಅಂಟುವುದಿಲ್ಲ. ಕಾಳನ್ನು ವಿಕಿರಣಶೀಲ ಮಾಡುವಷ್ಟು ಶಕ್ತಿ ಆ ಕಿರಣಕ್ಕಿಲ್ಲ. ಎಕ್ಸ್-ರೇ ತೆಗೆಸಿಕೊಂಡವರು ಮನೆಗೆ ವಿಕಿರಣ ಹೊತ್ತು ತರುವುದಿಲ್ಲ, ಅಲ್ವಾ?

ಮುಚ್ಚಿಟ್ಟಿದ್ದೂ ಇಲ್ಲ. ನಮ್ಮ ದೇಶದಲ್ಲಿ ಇದಕ್ಕೆ 1994ರಿಂದಲೇ ಅನುಮತಿಯಿದೆ. 2012ರ ನಿಯಮದಲ್ಲಿ ಮಸಾಲೆ ಪದಾರ್ಥದ ಸೂಕ್ಷ್ಮಜೀವಿ ಕಡಿಮೆ ಮಾಡಲು 6ರಿಂದ 14 ಕಿಲೋಗ್ರೇ (ವಿಕಿರಣದ ಪ್ರಮಾಣದ ಅಳತೆ) ಎಂದು ಮಿತಿ ಬರೆದಿದೆ. ಪೊಟ್ಟಣದ ಮೇಲೆ ಹಸಿರು 'ರಾಡುರಾ' ಗುರುತು ಇರಲೇಬೇಕು: ಒಡೆದ ವೃತ್ತ, ಒಳಗೆ ಎರಡು ಎಲೆ, ಮೇಲೊಂದು ಚುಕ್ಕಿ.

ಆದರೆ ನಮ್ಮ ಬೆಳೆಗಾರರು ಗಮನಿಸಬೇಕಾದ್ದು ಬೇರೆಯೇ ಇದೆ. ವಿಕಿರಣ ಹುಳು, ಬೂಸ್ಟು, ಬ್ಯಾಕ್ಟೀರಿಯಾ ಕೊಲ್ಲುತ್ತದೆ, ನಿಜ. ಬೂಸ್ಟು ಆಗಲೇ ಬಿಟ್ಟುಹೋದ ವಿಷ, ಸಿಂಪಡಿಸಿದ ಔಷಧಿಯ ಅಂಶ ಮಾತ್ರ ಹಾಗೇ ಉಳಿಯಬಹುದು. ಹಾಗಾಗಿ ಮೋಡ ಕವಿದ ದಿನ ಅಂಗಳದ ಟಾರ್ಪಾಲಿನ ಮೇಲೆ ಅರೆಬರೆ ಒಣಗಿದ ಮೆಣಸನ್ನು ಸುಮ್ನೆ ಚೀಲಕ್ಕೆ ತುಂಬಬೇಡಿ. ಅದರಲ್ಲಿ ಬೂಸ್ಟಿನ ವಿಷ ಸೇರಿದರೆ ಆಮೇಲೆ ಯಾವ ಕಿರಣವೂ ಸರಿಮಾಡುವುದಿಲ್ಲ.