48 ಅಂಕಿಗಳೂ ಹಳೆಯ ನಾವೂ

ತನ್ನ ಹತ್ತಿರ ಇದೆ ಅಂತಲೇ ಗೊತ್ತಿಲ್ಲದ ವಸ್ತುವನ್ನು ಯಾರಾದರೂ ಕಳೆದುಕೊಳ್ಳಲು ಸಾಧ್ಯವಾ? ಕಂಪ್ಯೂಟರ್ ಇಟ್ಟುಕೊಂಡವರಿಗೆ ಸಾಧ್ಯ. ಆ ವಸ್ತುವಿನ ಹೆಸರು ರಿಕವರಿ ಕೀ, ಬೀಗ ಹಾಕಿಕೊಂಡ ಡ್ರೈವನ್ನು ತೆರೆಯುವ ಅಂಕಿಗಳ ಸಾಲು. ರಾತ್ರಿ ಮುಚ್ಚಿಟ್ಟಾಗ ಚೆನ್ನಾಗಿಯೇ ಇದ್ದ ಲ್ಯಾಪ್‌ಟಾಪ್, ಬೆಳಿಗ್ಗೆ ಆನ್ ಮಾಡಿದರೆ ನೀಲಿ ಪರದೆ ತೋರಿಸುತ್ತದೆ. ಮೇಲೆ ಬಿಟ್‌ಲಾಕರ್ ಅನ್ನುವ ಹೆಸರು, ನಡುವೆ ಕೀ ಹಾಕಲು ಖಾಲಿ ಜಾಗ, ಕೆಳಗೆ ಅಕ್ಷರ ಅಂಕಿ ಬೆರೆತ ಉದ್ದನೆಯ ಗುರುತು. ಮನೆಯವರೆಲ್ಲ ಸುತ್ತ ಸೇರುತ್ತಾರೆ. ವೈರಸ್ ಬಂದಿದೆ ಅನ್ನುತ್ತಾರೆ ಒಬ್ಬರು. ಈಗ ದುಡ್ಡು ಕೇಳ್ತಾರೆ ನೋಡ್ತಿರಿ ಅನ್ನುತ್ತಾರೆ ಇನ್ನೊಬ್ಬರು. ಲ್ಯಾಪ್‌ಟಾಪ್ ಯಾರದೋ ಅವರು ಮಾತ್ರ ‘ನಾನು ಯಾವ ಕೀನೂ ಹಾಕಿಲ್ಲ’ ಅನ್ನುವ ಒಂದೇ ಮಾತನ್ನು ಬಿಡದೆ ಹೇಳುತ್ತಿರುತ್ತಾರೆ.

ಅವರು ಹೇಳುವುದು ನಿಜವೇ. ಬಿಟ್‌ಲಾಕರ್ ಅನ್ನುವುದು ಡ್ರೈವ್‌ಗೆ ಬೀಗ ಹಾಕುವ ವಿಂಡೋಸಿನದೇ ವ್ಯವಸ್ಥೆ. ಅದು ಮೊದಲು ಬಂದದ್ದು ವಿಂಡೋಸ್ ವಿಸ್ತಾ ಜೊತೆ, 2007ರ ಹೊತ್ತಿಗೆ. ಆಗ ಬೇಕಾದವರು ಅದನ್ನು ಹುಡುಕಿಕೊಂಡು ಹೋಗಿ ಆನ್ ಮಾಡಬೇಕಿತ್ತು. ಈಗ ಅಷ್ಟು ಕಷ್ಟ ಪಡಬೇಕಾಗಿಲ್ಲ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದವರು ಓದಲಾಗದ ಗುಪ್ತಲಿಪಿಯಾಗುತ್ತದೆ. ಆಗಲೇ ಒಂದು ಕೀ ಹುಟ್ಟುತ್ತದೆ, ಹುಟ್ಟಿದ್ದೇ ಆ ಖಾತೆಗೆ ಹೋಗಿ ಸೇರಿಕೊಳ್ಳುತ್ತದೆ. ಡ್ರೈವ್‌ಗೆ ರಕ್ಷಣೆ ಸಿಕ್ಕಿತು, ಒಳ್ಳೆಯದೇ. ಆದರೆ ಹೀಗೊಂದು ಕೀ ಹುಟ್ಟಿದೆ ಅಂತ ಮನೆಯವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಚೆನ್ನಾಗಿತ್ತು.

ಹಾಗಾದರೆ ಇಷ್ಟು ದಿನ ಕೇಳದ ಕೀ ಇವತ್ತು ಯಾಕೆ? ಅದಕ್ಕೆ ಕಾರಣ ಟಿಪಿಎಂ ಅನ್ನುವ ಚಿಪ್. ಡ್ರೈವ್ ತೆರೆಯುವ ಗುಟ್ಟು ದಿನವೂ ಇದರ ಕೈಯಲ್ಲೇ ಇರುತ್ತದೆ. ಕಂಪ್ಯೂಟರ್ ಏಳುವಾಗ ಯಾವ ಫರ್ಮ್‌ವೇರ್ (ಯಂತ್ರದೊಳಗೇ ಇರುವ ಮೂಲ ಪ್ರೋಗ್ರಾಂ) ಓಡಿತು, ನಂಬಿಕೆಯಿಲ್ಲದ ಪ್ರೋಗ್ರಾಂಗಳನ್ನು ಆಗ ಓಡಲು ಬಿಡದ ಸೆಕ್ಯೂರ್ ಬೂಟ್ ಆನ್ ಇದೆಯಾ, ವಿಂಡೋಸನ್ನು ಎಬ್ಬಿಸಿದ ಪ್ರೋಗ್ರಾಂ ಯಾವುದು ಎಂಬ ಲೆಕ್ಕವೆಲ್ಲ ಈ ಚಿಪ್‌ನಲ್ಲಿ ದಾಖಲಾಗುತ್ತದೆ. ಆ ಲೆಕ್ಕ ಮೊದಲಿನಂತೆಯೇ ಇದ್ದರೆ ಗುಟ್ಟನ್ನು ಬಿಟ್ಟುಕೊಡುತ್ತದೆ. ನಮಗೆ ಏನೂ ಗೊತ್ತಾಗುವುದಿಲ್ಲ. ಬಯಾಸ್, ಅಂದರೆ ಆ ಫರ್ಮ್‌ವೇರ್, ಅಪ್‌ಡೇಟ್ ಆಯಿತು, ಮದರ್‌ಬೋರ್ಡ್ ಬದಲಾಯಿತು, ಯಾರೋ ಬಯಾಸ್ ಒಳಗೆ ಹೋಗಿ ಏನೋ ಒತ್ತಿ ಬಂದರು ಅಂದರೆ ಲೆಕ್ಕ ತಪ್ಪುತ್ತದೆ. ಚಿಪ್ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗಿನ ಫೈಲ್‌ಗಳಿಗೆ ಏನೂ ಆಗಿರುವುದಿಲ್ಲ. ಕೆಲವು ಸಲ ಬದಲಾಯಿಸಿದ್ದನ್ನು ಮೊದಲಿನ ಹಾಗೆ ಮಾಡಿದರೆ ಕೀ ಇಲ್ಲದೆಯೇ ತೆರೆದುಕೊಳ್ಳುವುದೂ ಉಂಟು. ಗಾಬರಿಯಲ್ಲಿ ವಿಂಡೋಸ್ ಅಳಿಸಿ ಹೊಸದಾಗಿ ಹಾಕುವವರು ಇದನ್ನೊಂದು ಮೊದಲು ನೋಡಬೇಕು. ಅಳಿಸಿದ ಮೇಲೆ ಕೀ ಸಿಕ್ಕರೂ ಅದನ್ನು ಹಾಕಲು ಬೀಗವೇ ಇರುವುದಿಲ್ಲ.

ಇದು ನಮ್ಮದೇ ಯಂತ್ರ, ನಮ್ಮದೇ ಫೋಟೋ, ನಾವೇ ಎದುರು ಕೂತಿದ್ದೇವೆ. ಆದರೂ ಅದು ನಮ್ಮನ್ನು ಕಳ್ಳನನ್ನು ನೋಡಿದ ಹಾಗೆ ನೋಡುತ್ತದೆ. ಇದಕ್ಕೆ ಸಿಟ್ಟು ಮಾಡಿಕೊಳ್ಳುವವರೇ ಜಾಸ್ತಿ. ನನಗೆ ಮಾತ್ರ ಇದು ಸರಿ ಅನ್ನಿಸುತ್ತದೆ. ನಾಳೆ ನಿಜವಾದ ಕಳ್ಳ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದರೆ ಅವನೂ ಇದೇ ನೀಲಿ ಪರದೆಯ ಮುಂದೆ ಕೂತು ತಲೆ ಕೆರೆದುಕೊಳ್ಳಬೇಕಲ್ವಾ? ನಮಗೆ ದಾಕ್ಷಿಣ್ಯ ತೋರಿಸುವ ಬೀಗ ಅವನಿಗೂ ತೋರಿಸುತ್ತದೆ. ಮೈಕ್ರೋಸಾಫ್ಟ್‌ನವರನ್ನು ಕೇಳಿದರೂ ಕಳೆದ ಕೀಯನ್ನು ಹೊಸದಾಗಿ ಮಾಡಿಕೊಡಲು ಅವರಿಂದ ಆಗುವುದಿಲ್ಲ. ಎಲ್ಲೋ ಇಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನು ಹುಡುಕಾಟ. ಇದರಲ್ಲಿ ಒಂದು ವಿಚಿತ್ರ ಇದೆ. ಸಾಮಾನ್ಯವಾಗಿ ಏನಾದರೂ ಕಳೆದರೆ ಜಾಗ ಹುಡುಕುತ್ತೇವೆ. ಇಲ್ಲಿ ಮನುಷ್ಯರನ್ನು ಹುಡುಕಬೇಕು. ಅದರಲ್ಲೂ ಹಳೆಯ ನಮ್ಮನ್ನೇ. ಈ ಕಂಪ್ಯೂಟರನ್ನು ಮೊದಲ ದಿನ ಡಬ್ಬದಿಂದ ತೆಗೆದು ‘ಮುಂದೆ, ಮುಂದೆ’ ಅಂತ ಒತ್ತುತ್ತಾ ಹೋದವರು ಯಾರು? ಅವತ್ತು ಯಾವ ಇಮೇಲ್ ಕೊಟ್ಟರು? ಈಗ ದಿನವೂ ನೋಡುವ ಇಮೇಲಾ, ಅಥವಾ ಓದುವ ಕಾಲದಲ್ಲಿ ಮಾಡಿಕೊಂಡ, ಹೆಸರಿನ ಮುಂದೆ ‘ಕೂಲ್’ ಅಂತ ಸೇರಿಸಿದ ಆ ಇಮೇಲಾ? ಅದರ ಪಾಸ್‌ವರ್ಡ್ ನೆನಪಿಲ್ಲ. ಹೊಸ ಪಾಸ್‌ವರ್ಡ್ ಕೇಳಿದರೆ ಓಟಿಪಿ ಹೋಗುವುದು ಯಾವತ್ತೋ ಬಿಟ್ಟ ಹಳೆಯ ಮೊಬೈಲ್ ನಂಬರಿಗೆ. ಆ ನಂಬರ್ ಈಗ ಬೇರೆ ಯಾರದೋ ಜೇಬಿನಲ್ಲಿ ಸದ್ದು ಮಾಡುತ್ತಿರಬಹುದು. ಪರದೆ ಕೇಳಿದ್ದು ಒಂದು ಕೀ. ನಾವು ಈಗ ಹತ್ತು ವರ್ಷದ ನಮ್ಮ ಚರಿತ್ರೆ ಬರೆಯಲು ಕೂತಿದ್ದೇವೆ.

ಎಷ್ಟೋ ಸಲ ಆ ಹಳೆಯ ಮನುಷ್ಯ ನಾವೂ ಆಗಿರುವುದಿಲ್ಲ. ಅಪ್ಪನ ಕಂಪ್ಯೂಟರನ್ನು ಮಗಳು ಸಿದ್ಧ ಮಾಡಿಕೊಟ್ಟಿರುತ್ತಾಳೆ. ಆ ಹೊತ್ತಿಗೆ ಅವಸರದಲ್ಲಿ ತನ್ನದೇ ಖಾತೆ ಹಾಕಿರುತ್ತಾಳೆ. ಅಪ್ಪ ತನ್ನ ಖಾತೆಯಲ್ಲಿ ಎಷ್ಟು ಹುಡುಕಿದರೂ ಅಲ್ಲಿ ಏನೂ ಇಲ್ಲ. ದೂರದಲ್ಲಿರುವ ಮಗಳ ಖಾತೆಯಲ್ಲಿ ಕೀ ಆರಾಮಾಗಿ ಕೂತಿದೆ, ಅದು ಅವಳಿಗೂ ಗೊತ್ತಿಲ್ಲ. ಆದ್ದರಿಂದ ನನ್ನ ಪ್ರಕಾರ ಮೊದಲು ಮಾಡಬೇಕಾದ ಕೆಲಸ ಕಪಾಟು ತೆಗೆಯುವುದಲ್ಲ, ಫೋನ್ ಮಾಡುವುದು. ‘ಈ ಲ್ಯಾಪ್‌ಟಾಪ್ ಶುರು ಮಾಡಿಕೊಟ್ಟಿದ್ದು ನೀನೇ ತಾನೇ?’ ಅನ್ನುವ ಒಂದು ಪ್ರಶ್ನೆಯಲ್ಲಿ ಅರ್ಧ ಹುಡುಕಾಟ ಮುಗಿದುಹೋಗಬಹುದು. ಆಫೀಸಿನ ಅಥವಾ ಕಾಲೇಜಿನ ಖಾತೆಯನ್ನು ಇದೇ ಯಂತ್ರದಲ್ಲಿ ಸೇರಿಸಿದ್ದರೆ ಕೀ ಅಲ್ಲಿಗೆ ಹೋಗಿರಲೂಬಹುದು. ಆಗ ಅಲ್ಲಿನ ಐಟಿಯವರನ್ನು ಕೇಳಬೇಕು. ಕೆಲಸ ಬಿಟ್ಟು ಬಂದ ಆಫೀಸಾದರೆ ಸ್ವಲ್ಪ ನಯವಾಗಿ ಕೇಳಬೇಕು.

ಖಾತೆಯಲ್ಲಿ ಸಿಗದಿದ್ದರೆ ಪೆನ್‌ಡ್ರೈವ್‌ಗಳು, ಹಳೆಯ ಪ್ರಿಂಟ್‌ಗಳು. ಫೈಲಾಗಿ ಉಳಿಸಿದ್ದರೆ ಅದು ಸಣ್ಣ ಟೆಕ್ಸ್ಟ್ ಫೈಲ್. ಅದರ ಹೆಸರಿನಲ್ಲೇ ‘ಬಿಟ್‌ಲಾಕರ್ ರಿಕವರಿ ಕೀ’ ಅಂತ ಇರುತ್ತದೆ, ಹಿಂದೆ ಆ ಉದ್ದನೆಯ ಗುರುತೂ ಇರುತ್ತದೆ. ನೀಲಿ ಪರದೆಯ ಗುರುತಿನ ಮೊದಲ 8 ಅಕ್ಷರಗಳಿಗೂ ಇದಕ್ಕೂ ತಾಳೆಯಾದರೆ ಇದೇ ಬೇಕಾದ ಕೀ. ತಾಳೆಯಾಗದಿದ್ದರೆ ಅದು ಬೇರೆ ಯಾವುದೋ ಡ್ರೈವಿನದು, ಎಷ್ಟು ಸಲ ಹಾಕಿದರೂ ಒಳಗೆ ಬಿಡುವುದಿಲ್ಲ. ಎನ್‌ಕ್ರಿಪ್ಟ್ ಆಗುವ ಡ್ರೈವಿನಲ್ಲೇ ಕೀ ಫೈಲನ್ನು ಉಳಿಸಲು ವಿಂಡೋಸ್ ಬಿಡುವುದಿಲ್ಲ. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ ಆಗಬಾರದು ಅಂತ. ಆದರೆ ಮನುಷ್ಯ ಅದಕ್ಕಿಂತ ಜಾಣ. ಪ್ರಿಂಟ್ ಅಂತ ಒತ್ತಿ, ಪ್ರಿಂಟರ್ ಬದಲು ಪಿಡಿಎಫ್ ಮಾಡಿ, ಅದನ್ನು ಅದೇ ಡ್ರೈವಿನ ಡೆಸ್ಕ್‌ಟಾಪಿನಲ್ಲಿ ಇಟ್ಟುಬಿಡುತ್ತಾನೆ.

ಕೊನೆಗೂ ಕೀ ಸಿಕ್ಕಿತು ಅನ್ನಿ. ಸಿಕ್ಕಿದ್ದು ಮೊಬೈಲಿನಲ್ಲಿ, ಹಾಕಬೇಕಾದದ್ದು ಲ್ಯಾಪ್‌ಟಾಪಿನಲ್ಲಿ. ನಕಲು ಮಾಡಿ ಅಂಟಿಸುವ ಹಾಗಿಲ್ಲ. ಒಬ್ಬರು ಓದಬೇಕು, ಒಬ್ಬರು ಒತ್ತಬೇಕು. 48 ಅಂಕಿ, 6 ಅಂಕಿಗಳ 8 ಗುಂಪು.

‘ನಾಲ್ಕು, ಏಳು, ಸೊನ್ನೆ...’

‘ನಿಧಾನ ಅಕ್ಕ. ಸೊನ್ನೆ ಆದ್ಮೇಲೆ?’

‘ಎರಡು, ಎಂಟು, ಮೂರು.’

‘ಎಂಬತ್ಮೂರಾ, ಎಂಟು ಆಮೇಲೆ ಮೂರಾ?’

‘ಎರಡೂ ಒಂದೇ ಅಲ್ವೇನೋ!’

ಇಲ್ಲಿ ತಪ್ಪು ಆಗದಿರುವುದೇ ಆಶ್ಚರ್ಯ. ಇದನ್ನು ಮಾಡಿದವರಿಗೂ ಅದು ಗೊತ್ತಿತ್ತು. ಆದ್ದರಿಂದ ಪ್ರತಿ ಗುಂಪಿನ 6 ಅಂಕಿಯ ಸಂಖ್ಯೆಯೂ 11ರಿಂದ ಶೇಷವಿಲ್ಲದೆ ಭಾಗವಾಗುವ ಹಾಗೆ ಮಾಡಿದ್ದಾರೆ. ಶಾಲೆಯಲ್ಲಿ ಕಲಿತ ನಿಯಮ ನೆನಪಿರಬಹುದು. ಒಂದು ಬಿಟ್ಟು ಒಂದು ಅಂಕಿ ಕೂಡಿಸಿ, ಉಳಿದವನ್ನು ಬೇರೆ ಕೂಡಿಸಿ, ವ್ಯತ್ಯಾಸ ಸೊನ್ನೆ ಅಥವಾ 11ರ ಗುಣಕ ಬಂದರೆ ಭಾಗವಾಗುತ್ತದೆ. 470283 ನೋಡಿ. 4, 0, 8 ಕೂಡಿದರೆ 12. 7, 2, 3 ಕೂಡಿದರೂ 12. ಸರಿಯಾಯಿತು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಬೇರೆ ಅಂಕಿಗಳು ಅದಲುಬದಲಾದರೂ ಈ ಲೆಕ್ಕ ಕೂಡುವುದಿಲ್ಲ. ಆ ಗುಂಪಿನಲ್ಲೇ ತಪ್ಪು ಹಿಡಿಯಬಹುದು, 48 ಅಂಕಿಯನ್ನೂ ಮತ್ತೆ ಹೊಡೆಯಬೇಕಾಗಿಲ್ಲ. ಈ ನಿಯಮ ಕಲಿಸಿದ ಮೇಷ್ಟ್ರನ್ನು ‘ಇದು ಯಾವುದಕ್ಕೆ ಬರುತ್ತೆ ಸಾರ್’ ಅಂತ ಕೇಳಿದವರಿಗೆಲ್ಲ ಇಲ್ಲಿ ಉತ್ತರ ಇದೆ.

ಇನ್ನೂ ಒಂದು ಖುಷಿಯ ಸಂಗತಿ. ಕಾಗದದಲ್ಲಿ ಬರೆದಿಟ್ಟದ್ದು ನೀರು ಬಿದ್ದು ಒಂದು ಅಂಕಿ ಅಳಿಸಿದೆ ಅಂದುಕೊಳ್ಳಿ. 470 ಇದೆ, 83 ಇದೆ, ನಡುವಿನದು ಕಾಣುತ್ತಿಲ್ಲ. ಅಳಬೇಕಾಗಿಲ್ಲ. 12 ಒಂದು ಕಡೆ ಇದೆ, ಇನ್ನೊಂದು ಕಡೆ 7 ಮತ್ತು 3 ಸೇರಿ 10. ಕಾಣದ ಅಂಕಿ 2 ಆಗಲೇಬೇಕು, ಬೇರೆ ದಾರಿಯೇ ಇಲ್ಲ. ಪ್ರತಿ ಗುಂಪೂ ಸೊನ್ನೆಯಿಂದ 65,535ರವರೆಗಿನ ಒಂದು ಸಂಖ್ಯೆಯನ್ನು 11ರಿಂದ ಗುಣಿಸಿ ಮಾಡಿದ್ದು. ಆದ್ದರಿಂದ ಇಡೀ ಗುಂಪೇ ಹರಿದುಹೋಗಿದ್ದರೂ ಇರುವ ಸಾಧ್ಯತೆಗಳು 65,536 ಅಷ್ಟೇ. ಕೈಯಲ್ಲಿ ಒತ್ತುತ್ತಾ ಕೂತರೆ ಬೇಜಾರು, ಬಲ್ಲವರು ಬೇರೆ ಕಂಪ್ಯೂಟರಿಗೆ ಆ ಡ್ರೈವ್ ಜೋಡಿಸಿ ಪ್ರೋಗ್ರಾಂ ಬರೆದು ಹುಡುಕಬಹುದು. ಇದರಿಂದಲೇ ಇನ್ನೊಂದೂ ಗೊತ್ತಾಗುತ್ತದೆ. ಅತಿ ದೊಡ್ಡ ಗುಂಪು ಅಂದರೆ 720885. ಹಳೆಯ ಡೈರಿಯಲ್ಲಿ ಸಿಕ್ಕ ಸಂಖ್ಯೆಯ ಯಾವುದಾದರೂ ಗುಂಪು 8 ಅಥವಾ 9ರಿಂದ ಶುರುವಾದರೆ ಅದು ಬಿಟ್‌ಲಾಕರ್ ಕೀ ಅಲ್ಲ, ಅಥವಾ ಬರೆದವರ ಕೈಬರಹ ಸರಿಯಿಲ್ಲ.

8 ಗುಂಪೂ ಇಲ್ಲದಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಇರುವ ಸಾಧ್ಯತೆಗಳು ಎಂಟು 65,536ಗಳನ್ನು ಒಂದಕ್ಕೊಂದು ಗುಣಿಸಿದಷ್ಟು, ಅದು 39 ಅಂಕಿಯ ಸಂಖ್ಯೆ. ಸೆಕೆಂಡಿಗೆ ಲಕ್ಷ ಕೋಟಿ ಕೀ ಪ್ರಯತ್ನಿಸುವ ಯಂತ್ರ ಇದ್ದರೂ ಎಲ್ಲವನ್ನೂ ನೋಡಿ ಮುಗಿಸಲು ವಿಶ್ವದ ವಯಸ್ಸಿನ 70 ಕೋಟಿ ಪಟ್ಟಿಗಿಂತ ಜಾಸ್ತಿ ಕಾಲ ಬೇಕು. ಸಾಲದ್ದಕ್ಕೆ ಪ್ರತಿ ಕೀಯನ್ನೂ 10 ಲಕ್ಷಕ್ಕೂ ಹೆಚ್ಚು ಸಲ ಗಣಿತದ ಲೆಕ್ಕದಲ್ಲಿ ತಿರುವಿ ಹಾಕಿದ ಮೇಲೆಯೇ ಅದು ಸರಿಯೋ ತಪ್ಪೋ ತಿಳಿಯುವುದು. ‘ನಮ್ಮ ಹುಡುಗನೊಬ್ಬ ಇದಾನೆ, ಅರ್ಧ ಗಂಟೇಲಿ ತೆಗೀತಾನೆ’ ಅನ್ನುವವರಿಗೆ ಸುಮ್ನೆ ನಕ್ಕು ಟೀ ಕೊಟ್ಟು ಕಳಿಸಬೇಕು.

ದೊಡ್ಡವರೂ ಇದರಲ್ಲಿ ಸಿಕ್ಕಿಕೊಂಡಿದ್ದಾರೆ. ಸ್ಟೆಫಾನ್ ಥಾಮಸ್ ಎಂಬ ಪ್ರೋಗ್ರಾಮರ್ ಹತ್ತಿರ 7,002 ಬಿಟ್‌ಕಾಯಿನ್ ಇದ್ದವು. ಅವುಗಳ ಗುಟ್ಟು ಐರನ್‌ಕೀ ಎಂಬ ಸಣ್ಣ ಎನ್‌ಕ್ರಿಪ್ಟೆಡ್ ಡ್ರೈವಿನಲ್ಲಿತ್ತು. ಆ ಡ್ರೈವಿನ ಪಾಸ್‌ವರ್ಡ್ ಬರೆದಿಟ್ಟ ಕಾಗದ ಕಳೆಯಿತು. ಇರುವುದು 10 ಅವಕಾಶ. 2021ರಲ್ಲಿ ಈ ವಿಷಯ ಸುದ್ದಿಯಾದಾಗ 8 ಮುಗಿದಿದ್ದವು. ಕಂಪ್ಯೂಟರ್ ಗೊತ್ತಿಲ್ಲದವರು ಮಾತ್ರ ಹೀಗೆ ಕಳೆದುಕೊಳ್ಳುತ್ತಾರೆ ಅನ್ನುವವರು ಇವರನ್ನು ನೆನೆಯಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತಾಗಲೂ ಹೀಗೇ ಆಯಿತು. ಸರಿಪಡಿಸುವ ಕೆಲಸ ಸುಲಭದ್ದೇ, ಒಂದು ಫೈಲ್ ಅಳಿಸಿದರೆ ಆಯಿತು. ಆದರೆ ಆ ಫೈಲಿನ ಹತ್ತಿರ ಹೋಗಲು ಎಷ್ಟೋ ಯಂತ್ರಗಳು ರಿಕವರಿ ಕೀ ಕೇಳಿದವು. ಕೆಲವು ಕಡೆ ಎಲ್ಲ ಕೀಗಳನ್ನೂ ಶಿಸ್ತಾಗಿ ಒಂದು ಸರ್ವರಿನಲ್ಲಿ ಇಟ್ಟಿದ್ದರು, ಆ ಸರ್ವರೂ ಕೆಟ್ಟು ನಿಂತಿತ್ತು.

ಹಾಗಾದರೆ ಎಲ್ಲಿಡಬೇಕು? ಎಲ್ಲವನ್ನೂ ಖಾತೆಯಲ್ಲಿಡಿ ಅನ್ನುವವರು ಇದ್ದಾರೆ. ಬೇರೆಯವರ ಸರ್ವರಿನಲ್ಲಿ ನಮ್ಮ ಕೀ ಯಾಕೆ ಅನ್ನುವವರೂ ಇದ್ದಾರೆ, ಅವರ ಮಾತನ್ನು ತೆಗೆದುಹಾಕುವ ಹಾಗಿಲ್ಲ. ನನ್ನ ಓಟು ಕಾಗದಕ್ಕೆ. ಕಾಗದಕ್ಕೆ ಪಾಸ್‌ವರ್ಡ್ ಬೇಡ, ಓಟಿಪಿ ಬೇಡ, ಬೇರೆಯವರೂ ಓದಬಹುದು. ಒಂದು ದಿನ ಹುಡುಕುವವರು ನಾವೇ ಆಗಿರಬೇಕು ಅಂತೇನೂ ಇಲ್ಲ. ನಾವಿಲ್ಲದಾಗ ಮಕ್ಕಳು ಫೋಟೋಗಳಿಗಾಗಿ ಆ ಯಂತ್ರ ತೆಗೆದರೆ ಅವರಿಗೆ ನಮ್ಮ ‘ಕೂಲ್’ ಇಮೇಲು ಗೊತ್ತಿರುವುದಿಲ್ಲ. ಆದ್ದರಿಂದ ಬರೀ 48 ಅಂಕಿ ಬರೆದರೆ ಸಾಲದು. ಇದು ಯಾವ ಯಂತ್ರದ್ದು, ಗುರುತಿನ ಮೊದಲ 8 ಅಕ್ಷರ ಏನು, ಯಾವ ಖಾತೆ, ಯಾವ ತಾರೀಕು ಅನ್ನುವುದನ್ನೂ ಬರೆಯಬೇಕು. ಆ ಕಾಗದವನ್ನು ಲ್ಯಾಪ್‌ಟಾಪಿನ ಬ್ಯಾಗಿನಲ್ಲಿ ಮಾತ್ರ ಇಡಬಾರದು. ಬ್ಯಾಗ್ ಕದ್ದವನಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಕಂಪ್ಯೂಟರ್ ಈಗ ತೆರೆದೇ ಇದ್ದರೆ ಈ ಕೆಲಸ ಇವತ್ತೇ ಆಗುತ್ತದೆ. ಡ್ರೈವ್ ತೆರೆದಿರುವಾಗ ಯಂತ್ರ ತನ್ನ ಕೀಯನ್ನು ತಾನೇ ಹೇಳುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಬಿಟ್‌ಲಾಕರ್ ಅಂತ ಹುಡುಕಿದರೆ ಬ್ಯಾಕಪ್ ತೆಗೆಯುವ ದಾರಿ ಸಿಗುತ್ತದೆ. ಬಯಾಸ್ ಅಪ್‌ಡೇಟ್ ಮಾಡುವ ಮುಂಚೆ ಬಿಟ್‌ಲಾಕರನ್ನು ಸ್ವಲ್ಪ ಹೊತ್ತು ಸಸ್ಪೆಂಡ್ ಮಾಡಿದರೆ ನೀಲಿ ಪರದೆಯ ಮುಖವನ್ನೇ ನೋಡಬೇಕಾಗುವುದಿಲ್ಲ. ಪ್ರಿಂಟರ್ ಇಲ್ಲದವರು ಕೈಯಲ್ಲಿ ಬರೆದುಕೊಳ್ಳಬಹುದು. ಬರೆದ ಮೇಲೆ ಪ್ರತಿ ಗುಂಪನ್ನೂ ಒಂದು ಸಲ 11ರಿಂದ ಭಾಗಿಸಿ ನೋಡಿ. 8 ಲೆಕ್ಕ ಅಷ್ಟೇ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಗೇ ಕೊಡಿ.