ಜುಟ್ಟಿಗೆ ಮಲ್ಲಿಗೆ, ಹೊಟ್ಟೆಗೆ ಅಮೆರಿಕದ ಗೋಧಿ

ಸೋವಿಯತ್ ಒಕ್ಕೂಟ ತನ್ನ ಗುಣಗಾನಕ್ಕೆ ಹೊರಡಿಸುತ್ತಿದ್ದ ಸೋವಿಯತ್ ಲ್ಯಾಂಡ್ ಪತ್ರಿಕೆ ನೆನಪಿದೆಯಾ? ಅದರ ನುಣುಪು ಹಾಳೆ ಹರಿದು ನೋಟ್‌ಬುಕ್ಕಿಗೆ ಬೈಂಡ್ ಹಾಕಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಳೆ ತುಂಬಾ ಬಂಗಾರದ ಬಣ್ಣದ ಗೋಧಿ ಹೊಲ, ಹಲ್ಲು ಕಿರಿಯುವ ಟ್ರ್ಯಾಕ್ಟರ್ ಡ್ರೈವರ್. ಅದೇ ಹೊತ್ತಿಗೆ ಕಪ್ಪು ಸಮುದ್ರದ ಸೋವಿಯತ್ ಬಂದರುಗಳಲ್ಲಿ ಅಮೆರಿಕದ ಗೋಧಿ ಹಡಗುಗಟ್ಟಲೆ ಇಳಿಯುತ್ತಿತ್ತು. ಆ ಚಿತ್ರ ಮಾತ್ರ ಬೈಂಡಿಗೆ ಸಿಗಲಿಲ್ಲ.

ನಿಮ್ಮನ್ನು ಹೂತುಹಾಕುತ್ತೇವೆ ಎಂದು 1956ರಲ್ಲಿ ಪಶ್ಚಿಮದವರಿಗೆ ಗುಡುಗಿದ್ದು ಸೋವಿಯತ್ ನಾಯಕ ಕ್ರುಶ್ಚೇವ್. 1963ರಲ್ಲಿ ಬೆಳೆ ಕೈಕೊಟ್ಟಿತು. ಚಿನ್ನ ಮಾರಿ ಕೆನಡಾದಿಂದ ಗೋಧಿ ತರಿಸಿದರು. ಗುಂಡಿ ತೋಡೋಕೂ ಹೊಟ್ಟೆಗೆ ಏನಾದರೂ ಬೇಕಲ್ವಾ!

1972ರ ಮೇ ತಿಂಗಳಲ್ಲಿ ಅಮೆರಿಕ ವಿಯೆಟ್ನಾಮಿನ ಹೈಫಾಂಗ್ ಬಂದರಿನ ಸುತ್ತ ಹಡಗು ಸಿಡಿಸುವ ಮೈನ್ ಹಾಕಿತು. ಸೋವಿಯತ್ ಹಡಗುಗಳು ಓಡಾಡುತ್ತಿದ್ದ ಜಾಗವದು. ಎರಡೇ ವಾರಕ್ಕೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಮಾಸ್ಕೋಗೆ ಬಂದಿಳಿದರೆ ರಾಜೋಪಚಾರ! ಜುಲೈನಲ್ಲಿ ಗೋಧಿ ವ್ಯಾಪಾರ ಕುದುರಿತು, ಅದೂ ಸಾಲಕ್ಕೆ.

1979ರ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತು. ಸಿಟ್ಟಾದ ಅಮೆರಿಕದ ಅಧ್ಯಕ್ಷ ಕಾರ್ಟರ್ 1.7 ಕೋಟಿ ಟನ್ ಧಾನ್ಯ ತಡೆದರು. ಈಗ ಯಾರ ಬಾಗಿಲು ತಟ್ಟೋದು? ಅರ್ಜೆಂಟೀನಾದ್ದು. ಅಲ್ಲಿದ್ದದ್ದು ಎಡಪಂಥೀಯರನ್ನು ಹಿಡಿಹಿಡಿದು ಮಾಯ ಮಾಡುತ್ತಿದ್ದ ಮಿಲಿಟರಿ ಸರ್ಕಾರ. ಜಗತ್ತಿನ ಕಾರ್ಮಿಕರ ಮಾತೃಭೂಮಿ ಅವರಿಂದಲೇ ಜಾಸ್ತಿ ರೇಟು ಕೊಟ್ಟು ಧಾನ್ಯ ಕೊಂಡಿತು. ಜಿನೀವಾದ ಮಾನವ ಹಕ್ಕು ಆಯೋಗದಲ್ಲಿ ಅರ್ಜೆಂಟೀನಾವನ್ನು ಖಂಡಿಸಲು ಹೊರಟರೆ ಅಡ್ಡಗಾಲು ಹಾಕಿದ್ದೂ ಇದೇ ಮಾಸ್ಕೋ. ಉಪ್ಪಿನ ಋಣ ಅಂತಾರಲ್ಲ, ಇದು ಗೋಧಿಯ ಋಣ. ಕಾಣೆಯಾದ ಮಕ್ಕಳ ಫೋಟೋ ಹಿಡಿದು ಬ್ಯೂನಸ್ ಐರಿಸ್‌ನ ಚೌಕದಲ್ಲಿ ಸುತ್ತುತ್ತಿದ್ದ ತಾಯಂದಿರನ್ನು ಯಾರು ಕೇಳಬೇಕು?

ಅಮೆರಿಕವೇನು ಸಾಚಾ ಅಲ್ಲ. ಅಲ್ಲಿಯ ರೈತರಿಗೆ ಮಾಲು ಖಾಲಿಯಾಗಬೇಕಿತ್ತು. 1981ರಲ್ಲಿ ಹೊಸ ಅಧ್ಯಕ್ಷ ರೇಗನ್ ಬಂದವರೇ ಆ ತಡೆ ಕಿತ್ತೆಸೆದರು. 1983ರ ಮಾರ್ಚಿನಲ್ಲಿ ಸೋವಿಯತ್ ಒಕ್ಕೂಟವನ್ನು ದುಷ್ಟ ಸಾಮ್ರಾಜ್ಯ ಎಂದು ಬೈದರು. ಆಗಸ್ಟಿನಲ್ಲಿ ಅದೇ ದುಷ್ಟರಿಗೆ ವರ್ಷಕ್ಕೆ ಕನಿಷ್ಠ 90 ಲಕ್ಷ ಟನ್ ಧಾನ್ಯ ಮಾರುವ ಒಪ್ಪಂದ. ಗಿರಾಕಿ ದುಷ್ಟನಾದರೇನು, ದುಡ್ಡು ದುಷ್ಟ ಅಲ್ಲವಲ್ಲ.

ಈ ಖರೀದಿಗೆಲ್ಲ ದುಡ್ಡು ಬರುತ್ತಿದ್ದದ್ದು ತೈಲದಿಂದ. 1986ರಲ್ಲಿ ಅದರ ಬೆಲೆ ನೆಲಕಚ್ಚಿತು. ಸಾವಿರಾರು ಅಣ್ವಸ್ತ್ರ ಇತ್ತು ನಿಜ, ಆದರೆ ಅದನ್ನು ಅಡವಿಟ್ಟುಕೊಂಡು ಬ್ರೆಡ್ ಕೊಡುವವರು ಯಾರು?

1990ರ ಜನವರಿಯಲ್ಲಿ ಮಾಸ್ಕೋ ಪಶ್ಚಿಮ ಜರ್ಮನಿಯ ಹತ್ತಿರ ಮಾಂಸ, ಬೆಣ್ಣೆ ಕೇಳಿತು. ಚಾನ್ಸಲರ್ ಕೋಲ್ ತಡಮಾಡದೆ ಒಪ್ಪಿದರು. ಫೆಬ್ರವರಿಯಲ್ಲಿ ಸೋವಿಯತ್ ನಾಯಕ ಗೋರ್ಬಚೇವ್ ಅವರೂ ಒಪ್ಪಿದರು: ಎರಡಾಗಿದ್ದ ಜರ್ಮನಿ ಒಂದಾಗುವುದು ಜರ್ಮನ್ನರಿಗೆ ಬಿಟ್ಟ ವಿಷಯವಂತೆ. ಸುಮ್ನೆ ಕಾಕತಾಳೀಯ ಇರಬೇಕು ಬಿಡಿ.

ಪೂರ್ವ ಜರ್ಮನಿಯಲ್ಲಿದ್ದ ಮೂರು ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರನ್ನು ವಾಪಸ್ ಕರೆಸಲೂ ದುಡ್ಡಿರಲಿಲ್ಲ. ಸೆಪ್ಟೆಂಬರಿನಲ್ಲಿ ಕೋಲ್ ಮತ್ತು ಗೋರ್ಬಚೇವ್ ನಡುವೆ ಫೋನಿನಲ್ಲೇ ಚೌಕಾಸಿ ನಡೆಯಿತು. 1,200 ಕೋಟಿ ಜರ್ಮನ್ ಮಾರ್ಕಿಗೆ ಕುದುರಿತು. ಮೇಲೆ 300 ಕೋಟಿ ಬಡ್ಡಿಯಿಲ್ಲದ ಸಾಲ. 1945ರಲ್ಲಿ ಬರ್ಲಿನ್ ಗೆದ್ದ ಸೇನೆ ಬಸ್ ಚಾರ್ಜಿನ ಜೊತೆಗೆ ಮನೆ ಕಟ್ಟುವ ದುಡ್ಡನ್ನೂ ಸೋತವರಿಂದಲೇ ಇಸ್ಕೊಂಡು ಊರಿಗೆ ಹೊರಟಿತು.