ಹಿನ್ನೆಲೆಗೆ ಇರಲಿ ಎಂದವರಿಗೆ

ಭಾನುವಾರ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಗೆಳೆಯರೊಬ್ಬರ ಮನೆಯಲ್ಲಿ ಏಳೆಂಟು ಜನ ಸೇರಿದ್ದೆವು. ಊಟಕ್ಕೆ ಮೊದಲು ಏನಾದರೂ ಹಾಡು ಹಾಕು ಎಂದರು. ನಾನು ಏನು ಹಾಕುತ್ತೇನೆಂದು ನಿಮಗೆಲ್ಲ ಗೊತ್ತೇ ಇದೆ: ಬ್ರೆಜಿಲಿನ ಗಾಯಕಿ ಸಿಬೆಲ್ಲೆ 2006ರಲ್ಲಿ ತಂದ ಆಲ್ಬಂ 'ದಿ ಶೈನ್ ಆಫ್ ಡ್ರೈಡ್ ಎಲೆಕ್ಟ್ರಿಕ್ ಲೀವ್ಸ್'. ಒಂದು ಹಾಡು ಅರ್ಧ ಆಗುವ ಮೊದಲೇ ಒಬ್ಬರು, "ಚೆನ್ನಾಗಿದೆ, ಹಿನ್ನೆಲೆಗೆ ಇರಲಿ, ಸ್ವಲ್ಪ ಸಣ್ಣಗೆ ಮಾಡಿ" ಎಂದು ಹೇಳಿ ನಿವೇಶನದ ಬೆಲೆಯ ಮಾತಿಗೆ ಮರಳಿದರು.

ಆಗ ಬರುತ್ತಿದ್ದದ್ದು 'ಗ್ರೀನ್ ಗ್ರಾಸ್'. ಅಮೆರಿಕದ ಗಾಯಕ ಟಾಮ್ ವೇಟ್ಸ್ ಅವರ ಹಾಡು. ಮಣ್ಣಿನಡಿ ಮಲಗಿರುವ ಸತ್ತವನೊಬ್ಬ, ನನ್ನ ಮೇಲಿನ ಹುಲ್ಲಿನಲ್ಲಿ ಬಂದು ತಲೆಯಿಡು ಎಂದು ಪ್ರಿಯತಮೆಯನ್ನು ಕರೆಯುತ್ತಾನೆ. ವೇಟ್ಸ್ ಜಲ್ಲಿಕಲ್ಲು ಉಜ್ಜಿದಂಥ ಗಂಟಲಿನಲ್ಲಿ ಹಾಡಿದ್ದನ್ನು ಸಿಬೆಲ್ಲೆ ಕಿವಿಯ ಪಕ್ಕದಲ್ಲಿ ಉಸಿರಿದಂತೆ ಹಾಡುತ್ತಾರೆ. ಸತ್ತವನು ಮಾತಾಡುತ್ತಿರುವಾಗ ಸಣ್ಣಗೆ ಮಾಡಿ ಎನ್ನಲು ಬಾಯಿ ಹೇಗೆ ಬಂತು?

ಇದರ ಬೇರು ಬಾಸಾ ನೋವಾ, ಬ್ರೆಜಿಲಿನ ಬೀದಿಯ ಸಾಂಬಾ ಕುಣಿತದ ಸಂಗೀತದಿಂದ ಹುಟ್ಟಿದ ಹಾಡಿನ ಬಗೆ; ಅದು ಮೃದುವಾದ ಸಂಗೀತ, ಹೋಟೆಲಿನ ಮೊಗಸಾಲೆಯಲ್ಲಿ ಹಾಕುವುದೇ ಅದನ್ನು, ನಾವು ಮಾತಾಡಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಹಾಕುತ್ತಾರೆ, ನಿಜ. ಹಾಗೆ ಹಾಕಿ ಹಾಕಿಯೇ ಅದನ್ನು ಕೇಳುವುದನ್ನು ಮರೆತಿದ್ದೇವೆ. 1958ರಲ್ಲಿ ಆ ಬಗೆಗೆ ರೂಪ ಕೊಟ್ಟ ಗಾಯಕ ಜುವಾವ್ ಜಿಲ್ಬೆರ್ಟೊ ದನಿ ತಗ್ಗಿಸಿ ಹಾಡಿದ್ದು ಜನ ಹರಟೆ ಹೊಡೆಯಲಿ ಎಂದಲ್ಲ. ಅವರ ಗಿಟಾರಿನಲ್ಲಿ ಹೆಬ್ಬೆರಳು ಸಾಂಬಾದ ದೊಡ್ಡ ನಗಾರಿ ಸುರ್ದುವಿನ ಕೆಲಸ ಮಾಡುತ್ತದೆ, ಉಳಿದ ಬೆರಳುಗಳು ಪುಟ್ಟ ಚರ್ಮವಾದ್ಯ ತಂಬೊರಿಮ್‌ನ, ತಾಳದ ನಡುನಡುವೆ ಬೀಳುವ ಪೆಟ್ಟುಗಳನ್ನು ಮೀಟುತ್ತವೆ. ಬೀದಿಯಲ್ಲಿ ಗುಡುಗುವ ಒಂದು ಮೇಳವೇ ಒಂದು ಕೈಯೊಳಗೆ ಇಳಿದಿದೆ. ಅದರ ಮೇಲೆ ಹಾಡು ತಾಳಕ್ಕಿಂತ ಒಮ್ಮೆ ಮುಂದೆ, ಒಮ್ಮೆ ಹಿಂದೆ ನಡೆಯುತ್ತದೆ. ಈ ಎಳೆದಾಟ ಕಿವಿಗೆ ಬೀಳಬೇಕಾದರೆ ಕೇಳುವವನು ಸುಮ್ಮನಿರಬೇಕು. ಹಿನ್ನೆಲೆಗೆ ಹಾಕಿದರೆ ಉಳಿಯುವುದು ಬರೀ ಇಂಪು.

ಅಲ್ಲಿದ್ದ ಇನ್ನೊಬ್ಬರಿಗೆ ಬೇರೆ ತಕರಾರು. ಗಿಟಾರ್ ಸಾಕಿತ್ತು, ಈ ಕಂಪ್ಯೂಟರಿನ ಚಿಟಪಟ ಯಾಕೆ, ಶುದ್ಧವಾಗಿರಬಾರದೇ ಎಂದರು. ಈ ಶುದ್ಧದ ಮಾತು ಬ್ರೆಜಿಲಿಗೆ ಹಳೆಯದು. 1967ರ ಜುಲೈನಲ್ಲಿ ಸಾವೊ ಪಾಲೊದಲ್ಲಿ ಎಲೆಕ್ಟ್ರಿಕ್ ಗಿಟಾರಿನ ವಿರುದ್ಧ ಮೆರವಣಿಗೆಯೇ ಹೊರಟಿತ್ತು. ಗಾಯಕಿ ಎಲಿಸ್ ರೆಜಿನಾ ಮುಂದಿದ್ದರು, ಗಾಯಕ ಜಿಲ್ಬೆರ್ಟೊ ಜಿಲ್ ಕೂಡ ನಡೆದಿದ್ದರು. ಅದೇ ಜಿಲ್ ಅಕ್ಟೋಬರಿನಲ್ಲಿ ಎಲೆಕ್ಟ್ರಿಕ್ ಗಿಟಾರಿನ ಹುಡುಗರನ್ನು ಕಟ್ಟಿಕೊಂಡು ಹಾಡುಸ್ಪರ್ಧೆಯ ವೇದಿಕೆ ಹತ್ತಿದರು. ಸಿಬೆಲ್ಲೆ ಬಂದದ್ದು ಈ ದಾರಿಯಲ್ಲಿ. ಮೊದಲು ಅವರ ದನಿ ಹೊರಗೆ ಕೇಳಿಸಿದ್ದು ಸುಬಾ ಅವರ ಆಲ್ಬಂನಲ್ಲಿ. ಸರ್ಬಿಯಾದ ನೋವಿ ಸಾಡ್‌ನಿಂದ ಸಾವೊ ಪಾಲೊಗೆ ಬಂದು ನೆಲೆಸಿದ್ದ ಆ ಸಂಗೀತಗಾರ 1999ರ ನವೆಂಬರಿನಲ್ಲಿ ಬೆಂಕಿ ಅನಾಹುತದಲ್ಲಿ ತೀರಿಕೊಂಡರು. ಭಾನುವಾರ ನಾನು ಹಾಕಿದ ಆಲ್ಬಂನಲ್ಲಿ ಸಿಬೆಲ್ಲೆ ಜೊತೆ ಕೆಲಸ ಮಾಡಿದವರಲ್ಲಿ, ಇಂಗ್ಲಿಷ್ ಜಾನಪದಕ್ಕೂ ಕಂಪ್ಯೂಟರಿಗೂ ನಂಟು ಬೆಸೆದ ಟಂಗ್ ತಂಡದ ಮೈಕ್ ಲಿಂಡ್ಸೆ ಇದ್ದಾರೆ. ಆ ಚಿಟಪಟ ಒಣಗಿದ ಎಲೆಗಳ ಮೇಲೆ ಯಾರೋ ನಡೆದಂತೆ ಕೇಳಿಸುತ್ತದೆ. ನನಗೆ ಅದಿಲ್ಲದೆ ಆ ಹಾಡುಗಳೇ ಇಲ್ಲ.

'ಲಂಡನ್, ಲಂಡನ್' ಬಂದಾಗಲೂ ನಿವೇಶನದ ಮಾತೇ ನಡೆದಿತ್ತು. ಬ್ರೆಜಿಲಿನ ಗಾಯಕ ಕಾಯೆತಾನೊ ವೆಲೋಸೊ ಬರೆದ ಹಾಡು. 1968ರ ಡಿಸೆಂಬರಿನಲ್ಲಿ ಅಲ್ಲಿನ ಸೇನಾ ಸರ್ಕಾರ ಅವರನ್ನೂ ಜಿಲ್ ಅವರನ್ನೂ ಹಿಡಿದು ಸೆರೆಯಲ್ಲಿಟ್ಟಿತು, ಮರುವರ್ಷ ದೇಶ ಬಿಡಿಸಿತು. ಅವರು ಬ್ರೆಜಿಲಿಗೆ ಮರಳಿ ನೆಲೆಸಿದ್ದು 1972ರಲ್ಲಿ. ಆ ಹಾಡಿನಲ್ಲಿ ಒಬ್ಬ ಲಂಡನ್ನಿನ ಬೀದಿಗಳಲ್ಲಿ ಅಂಜಿಕೆಯಿಲ್ಲದೆ ಸುಮ್ಮನೆ ಅಲೆಯುತ್ತಾನೆ, ಜನರಿಗೆ ಸಂತೋಷದಿಂದ ನೆರವಾಗುವ ಪೊಲೀಸನನ್ನು ನೋಡುತ್ತಾನೆ, ಆಕಾಶದಲ್ಲಿ ಹಾರುವ ತಟ್ಟೆಗಳನ್ನು ಹುಡುಕುತ್ತಾನೆ. ಪೊಲೀಸನೊಬ್ಬ ಮೃದುವಾಗಿರುವುದೇ ಸೋಜಿಗವಾಗಬೇಕಾದರೆ ಅವನು ಬಿಟ್ಟು ಬಂದ ಊರು ಹೇಗಿದ್ದಿರಬೇಕು! ಸಾವೊ ಪಾಲೊ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ ಸಿಬೆಲ್ಲೆ ಇದನ್ನು ಅಮೆರಿಕದ ಗಾಯಕ ಡೆವೆಂಡ್ರಾ ಬ್ಯಾನ್‌ಹಾರ್ಟ್ ಜೊತೆ ಹಾಡಿದ್ದಾರೆ. ಎರಡು ದನಿಗಳೂ ಒಂದಕ್ಕೊಂದು ತಾಗಿಯೂ ತಾಗದಂತೆ ನಡೆಯುತ್ತವೆ. ಇದನ್ನೂ ಹಿನ್ನೆಲೆಗೆ ಇರಲಿ ಎನ್ನುತ್ತೀರಾ?

ಅದೇ ಆಲ್ಬಂನಲ್ಲಿ ಇನ್ನೊಂದು ಹಾಡಿದೆ, 'ಕಾಜುಯೀನಾ'. ಅದೂ ಕಾಯೆತಾನೊ ಅವರದೇ. ಅವರ ಗೆಳೆಯ, ಕವಿ ತೊರ್ಕ್ವಾತೊ ನೆಟೊ 1972ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮುಂದೊಮ್ಮೆ ಕಾಯೆತಾನೊ ಬ್ರೆಜಿಲಿನ ತೆರೆಸಿನಾ ಊರಿನಲ್ಲಿ ಆ ಕವಿಯ ತಂದೆಯನ್ನು ಕಂಡರು. ಆ ತಂದೆ ಅವರಿಗೆ ಗೇರುಹಣ್ಣಿನ ತಿಳಿ ಪಾನಕ ಕೊಟ್ಟರು, ಒಂದು ಪುಟ್ಟ ಗುಲಾಬಿ ಕೊಟ್ಟರು. ಆ ಪಾನಕದ ಹೆಸರೇ ಹಾಡಿನ ಹೆಸರು.

ನಮ್ಮ ಕರಾವಳಿಯ ಗುಡ್ಡಗಳ ಗೇರು ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲಿನಿಂದ ಬಂದದ್ದು. ಆ ಮರಗಳ ಕೆಳಗೆ ಬೆಳೆದವನು ನಾನು. ನನ್ನ ತಮ್ಮ ತೀರಿಕೊಂಡ ವರ್ಷ ನಿಮ್ಮಲ್ಲಿ ಕೆಲವರು ಊರಿಗೆ ಬಂದಿದ್ದಿರಿ. ಅಪ್ಪ ಯಾರೊಂದಿಗೂ ಮಾತಾಡಲಿಲ್ಲ. ಒಳಗೆ ಹೋಗಿ, ಒಬ್ಬೊಬ್ಬರಿಗೂ ಒಂದೊಂದು ಲೋಟ ಪುನರ್ಪುಳಿ ಶರಬತ್ತು ತಂದು ಕೈಗಿಟ್ಟರು. ಆ ವರ್ಷವೆಲ್ಲ ನಾನು ಕೇಳಿದ್ದು ಇದೊಂದೇ ಹಾಡು.

ಭಾನುವಾರ ಅದು ಬರುವ ಮೊದಲೇ ಎದ್ದು ನಿಲ್ಲಿಸಿದೆ. ಅದನ್ನು ಸಣ್ಣಗೆ ಮಾಡಿ ಎಂದು ಯಾರಾದರೂ ಹೇಳುವುದನ್ನು ಕೇಳಲು ನನ್ನಿಂದ ಆಗುತ್ತಿರಲಿಲ್ಲ.